ಕುಣಿಕೆಯಿಲ್ಲದ ಹಳದಿ ಕೋಟು

ನಮ್ಮ ಲುಬ್ಲಿನ್ ಊರಿನ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಜರಿ ನೋಡಿಕೊಳ್ಳುವ ಗುಮಾಸ್ತ ಲುಡ್ವಿಕ್ ಮಾಜುರ್ ಹೆದರದೇ ಇದ್ದ ವಸ್ತುಗಳು ಭೂಮಿಯ ಮೇಲೆ ಎರಡೇ: ಒಂದು ಈರುಳ್ಳಿ ರೊಟ್ಟಿ, ಇನ್ನೊಂದು ಅದರ ಮೇಲಿನ ಗಸಗಸೆ. ಉಳಿದದ್ದಕ್ಕೆಲ್ಲ ಹೆದರುತ್ತಿದ್ದ. ಕಿಟಕಿಯಿಂದ ಬಾಗಿಲಿಗೆ ಹಾಯುವ ಗಾಳಿಗೆ ಹೆದರಿ ಜೂನ್ ತಿಂಗಳಲ್ಲೂ ಕುತ್ತಿಗೆಗೆ ಮಫ್ಲರು. ಅವನಪ್ಪ ಮೂವತ್ತು ವರ್ಷ ಮಂಜಿನಲ್ಲಿ ಟ್ರಾಲಿಬಸ್ ಓಡಿಸಿದ ಗಂಡೆದೆಯವನು. ಮಗ ಅದೇ ಬಸ್ಸಿಗೆ ಎರಡು ಟಿಕೆಟ್ ಕೊಳ್ಳುತ್ತಿದ್ದ, ಒಂದು ಕಳೆದುಹೋದರೆ ಗತಿಯೇನೆಂದು. ಇಪ್ಪತ್ಮೂರು ವರ್ಷ ಅವನ ಎದುರು ಮೇಜಿನಲ್ಲಿ ಕೂತ ನಾನು ಅವನು ಸೀನಿದ್ದನ್ನೂ ಕೇಳಿಲ್ಲ. ಸೀನುವ ಮೊದಲು ಹೊರಗೆ ಹೋಗುತ್ತಿದ್ದ.

ಇಂಥ ವೀರನ ಕೈಗೆ ಕಾಲೇಜು ಖಡ್ಗ ಕೊಟ್ಟಿತ್ತು. ಕಾರಣವಿಲ್ಲದೆ ಒಂದು ವಿಷಯದಲ್ಲಿ ಮೂರಕ್ಕಿಂತ ಹೆಚ್ಚು ತರಗತಿ ತಪ್ಪಿಸಿದವರ ಹೆಸರು ಹೊಡೆದುಹಾಕಬೇಕು; ಅವರು ವಿದೇಶದವರಾದರೆ ಪ್ರಾಂತದ ಕಚೇರಿಗೂ ಬರೆಯಬೇಕು. ಆ ಕಾಗದ ಹೋಯಿತೆಂದರೆ ವೀಸಾ ಹೋದಂತೆ. ಬರೆಯುವವನು ಲುಡ್ವಿಕ್. ಬರೆಯುವ ಮೊದಲು ಮೂರು ಲೋಟ ನಿಂಬೆ ಚಹಾ ಕುಡಿಯುತ್ತಿದ್ದ, ಬರೆದ ಮೇಲೆ ಹೊಟ್ಟೆನೋವೆಂದು ಮನೆಗೆ ಹೋಗುತ್ತಿದ್ದ.

ಜನವರಿಯ ಒಂದು ಶುಕ್ರವಾರ ಅವನು ಎರಡನೇ ಲೋಟದಲ್ಲಿದ್ದಾಗ ರುತೆಂಡೊ ಬಂದಳು. ಜಿಂಬಾಬ್ವೆಯ ಹುಡುಗಿ, ನರ್ಸಿಂಗ್ ಮೊದಲ ವರ್ಷ. ಆರು ಮಂಗಳವಾರ ಡಾಕ್ಟರ್ ಸ್ಟೆಂಪ್ಕೊ ಅವರ ತರಗತಿಗೆ ಗೈರು. ಕಾಗದ ಹೊರಡಬೇಕಾದದ್ದು ಆವತ್ತೇ ಹನ್ನೆರಡಕ್ಕೆ. ಅವಳು ಎಷ್ಟು ಹೆದರಿದ್ದಳೆಂದರೆ ಲುಡ್ವಿಕ್ ತನ್ನ ಹೆದರಿಕೆಯನ್ನು ಸ್ವಲ್ಪ ಆಚೆ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟ.

“ಆರು ವಾರ ಎಲ್ಲಿ ಹೋಗಿದ್ರಮ್ಮ?”

“ಕ್ಲಾಸಿನ ಹತ್ರಾನೇ ಇದ್ದೆ ಸರ್. ಬಾಗಿಲ ಹೊರಗೆ. ಐದು ವಾರ ಅಲ್ಲೇ ನಿಂತ್ಕೊಂಡು ಬರ್ಕೊಂಡಿದೀನಿ. ಜಠರದ ಪಾಠ ಮಾತ್ರ ಸರಿಯಾಗಿ ಕೇಳಿಸ್ಲಿಲ್ಲ, ಆವತ್ತು ಯಾರೋ ಬಕೆಟ್ ಎಳೀತಿದ್ರು.”

“ಒಳಗೆ ಹೋಗೋಕೇನಾಗಿತ್ತು?”

“ಕೋಟು ಒಳಗೆ ತಂದ್ರೆ ಈ ಡಾಕ್ಟರು ಮಾತ್ರ ಬಿಡಲ್ಲ. ಕೆಳಗೆ ಕೋಟು ಕೋಣೆಯಮ್ಮ ನನ್ನ ಕೋಟು ಇಟ್ಕೊಳ್ಳಲ್ಲ. ಕೊರಳಪಟ್ಟಿ ತೋರಿಸಿ ಪೋಲಿಷಲ್ಲಿ ಬೈತಾರೆ, ಒಂದೂ ಅರ್ಥ ಆಗಲ್ಲ. ನಂಗೇನೋ ಅನುಮತಿ ಚೀಟಿ ಇಲ್ಲ ಅಂದ್ಕೊಂಡೆ. ಕೇಳಿದ್ರೆ ಇನ್ನೇನು ಇಲ್ಲ ಅಂತ ಗೊತ್ತಾಗುತ್ತೋ ಅಂತ ಭಯ. ಒಂದು ವಾರ ಕೋಟಿಲ್ದೇ ಹೊರಟೆ, ಅರ್ಧ ದಾರೀಲೇ ಜ್ವರ ಬಂತು.” ಆಮೇಲೆ ಮೆಲ್ಲಗೆ ಕೇಳಿದಳು, “ವಾಪಸ್ ಕಳಿಸ್ತೀರಾ ಸರ್? ಪೆಟ್ಟಿಗೆ ಕಟ್ಟಿಟ್ಟಿದೀನಿ. ಊರಿಗಿನ್ನೂ ಹೇಳಿಲ್ಲ.”

ಲುಡ್ವಿಕ್ ಅವಳ ತೋಳಿನ ಮೇಲಿದ್ದ ಹಳದಿ ಕೋಟಿನ ಕೊರಳೊಳಗೆ ಬೆರಳು ಹಾಕಿ ನೋಡಿದ. ಮುಖ ಸುಣ್ಣವಾಯಿತು. ಕೊಕ್ಕೆಗೆ ತೂಗಿಹಾಕುವ ಕುಣಿಕೆ ಇರಲಿಲ್ಲ. ಹಳೇ ಬಟ್ಟೆ ಅಂಗಡಿಯ ಕೋಟು, ಹರಿದ ದಾರ ಎರಡೆಳೆ ಉಳಿದಿತ್ತು. ನಮ್ಮ ಮಕ್ಕಳಿಗೆ ಹಾಲುಹಲ್ಲು ಬೀಳುವ ಮೊದಲೇ ಗೊತ್ತಿರುವ ಸಂಗತಿ ಇದು: ಕುಣಿಕೆಯಿಲ್ಲದ ಕೋಟನ್ನು ಯಾವ ಕೋಟು ಕೋಣೆಯೂ ಮುಟ್ಟುವುದಿಲ್ಲ. ಚಳಿ ಶುರುವಾಗುವ ಮುಂಚೆ ಪ್ರತಿ ಮನೆಯ ತಾಯಿಯೂ ಸೂಜಿ ಹಿಡಿದು ಕೂರುತ್ತಾಳೆ. ಹೊರಗಿನಿಂದ ಬಂದ ಹುಡುಗಿಗೆ ಅದನ್ನು ಹೇಳಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ಅವಳು ಬಂದಿದ್ಲು ಅಂತ ಹೇಳೋಕೆ ಸಾಕ್ಷಿ ಒಬ್ಬರೇ ಇರೋದು,” ಅಂದೆ ನಾನು.

“ಗೊತ್ತು,” ಅಂದ ಲುಡ್ವಿಕ್. ಮೂರನೇ ಲೋಟ ಮುಟ್ಟಲಿಲ್ಲ.

ಆ ಸಾಕ್ಷಿ ಕೋಟು ಕೋಣೆಯ ಗೆನೊವೇಫಾ. ನಾನ್ನೂರು ಕೊಕ್ಕೆಗಳ ಮಹಾರಾಣಿ, ಕೋಟು ಇಸಿದುಕೊಂಡು ಗುರುತಿಗೆ ಕೊಡುವ ಹಿತ್ತಾಳೆ ಬಿಲ್ಲೆಗಳ ಒಡತಿ; ಒಮ್ಮೆ ಮಂತ್ರಿಯೊಬ್ಬರ ಓವರ್‌ಕೋಟನ್ನೇ ಹಿಂದಕ್ಕೆ ತಳ್ಳಿದವಳು. ಅವಳ ಎದುರು ಹೋಗುವುದು ಯಾರಿಗೂ ಕಷ್ಟವೇ. ಲುಡ್ವಿಕ್‌ಗಂತೂ ಸಾವೇ. ಯಾಕೆಂದರೆ ಅವನ ಕೋಟಿಗೂ ಕುಣಿಕೆ ಇರಲಿಲ್ಲ. ವರ್ಷ ವರ್ಷ ಅದನ್ನು ಹೊಲಿಯುತ್ತಿದ್ದ ಅಮ್ಮ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಅಂದಿನಿಂದ ಅವನು ಕೋಟನ್ನು ಸುತ್ತಿ ಚೀಲಕ್ಕೆ ತುರುಕಿ ಹಿಂಬಾಗಿಲಿನಿಂದ ಕಳ್ಳನ ಹಾಗೆ ಒಳಗೆ ಬರುತ್ತಿದ್ದ. ಚೀಲವನ್ನು ಮೇಜಿನ ಬಳಿ ಬಿಡಲೂ ಭಯ, ಕೈಯಲ್ಲಿ ಹಿಡಿಯಲೂ ಭಯ. ಹಿಡಿದುಕೊಂಡೇ ಇಳಿದ.

ಹಿಂದೆ ರುತೆಂಡೊ, ಅವಳ ಹಿಂದೆ ನಾನು. ಇಪ್ಪತ್ತಾರು ಮೆಟ್ಟಿಲು. ಲುಡ್ವಿಕ್ ಪ್ರತಿ ಮೆಟ್ಟಿಲಲ್ಲೂ ಕಂಬಿ ಹಿಡಿದು ನಿಂತ.

“ಪಾನಿ ಗೆನೊವೇಫಾ,” ಅಂದ, ನಮ್ಮಲ್ಲಿ ಅಮ್ಮಾವ್ರೇ ಅನ್ನುವ ಮರ್ಯಾದೆಯಲ್ಲಿ. ದನಿ ಮಫ್ಲರಿನೊಳಗೇ ಉಳಿಯಿತು. “ಈ ಹುಡುಗಿ... ಮಂಗಳವಾರ... ತಾವು ನೋಡಿದ್ದು ನೆನಪಿದ್ಯಾ?”

“ನೆನಪು ಯಾಕ್ರೀ? ನೆನಪು ನಿಮ್ಮಂಥ ಓದಿದೋರಿಗೆ. ನಾನು ಬರೆದಿಡ್ತೀನಿ.” ಗೆನೊವೇಫಾ ಕೌಂಟರಿನ ಕೆಳಗಿಂದ ಒಂದು ದಪ್ಪ ನೋಟುಪುಸ್ತಕ ಎತ್ತಿ ಕುಕ್ಕಿದಳು. ತಿರಸ್ಕರಿಸಿದ ಕೋಟುಗಳ ಪುಸ್ತಕ! ಐದು ಮಂಗಳವಾರ, ಐದು ಸಾಲು. ಏಳು ಐವತ್ತೆರಡು, ಹಳದಿ, ಕುಣಿಕೆ ಇಲ್ಲ. ಏಳು ಐವತ್ತು, ಹಳದಿ, ಮತ್ತೆ ಇಲ್ಲ. ಕೊನೆಯ ಸಾಲಿನಲ್ಲಿ ಒಂದು ಪದ ಹೆಚ್ಚು: ಅತ್ತಳು.

ಲುಡ್ವಿಕ್ ಕೈ ಚಾಚಿದ. ಗೆನೊವೇಫಾ ಪುಸ್ತಕದ ಮೇಲೆ ಮೊಣಕೈ ಊರಿದಳು.

“ತಡೀರಿ ಪಾನ್ ಲುಡ್ವಿಕ್. ಆ ಚೀಲದಿಂದ ತೋಳು ನೇತಾಡ್ತಿದ್ಯಲ್ಲ, ಯಾರದ್ದು ಹೆಣ ಅದು?”

ಓಡಿಹೋಗಬಹುದಿತ್ತು. ಬಾಗಿಲು ಹತ್ತು ಹೆಜ್ಜೆ. ಗಡಿಯಾರದಲ್ಲಿ ಹನ್ನೊಂದೂವರೆ. ರುತೆಂಡೊ ಅವನ ಮುಖವನ್ನೇ ನೋಡುತ್ತಿದ್ದಳು. ಲುಡ್ವಿಕ್ ಕಣ್ಣು ಮುಚ್ಚಿಕೊಂಡು, ರಣರಂಗದಲ್ಲಿ ಕತ್ತಿ ಕೆಳಗಿಟ್ಟವನಂತೆ, ಬೂದು ಕೋಟನ್ನು ಕೌಂಟರಿನ ಮೇಲೆ ಹರಡಿದ.

“ಎಷ್ಟು ವರ್ಷದಿಂದ?”

“ಹನ್ನೊಂದು. ಅಮ್ಮ ಹೋದಾಗಿನಿಂದ.”

ಗೆನೊವೇಫಾ ಪೆನ್ನು ತೆಗೆದು ಹೊಸ ಸಾಲು ಬರೆದಳು: ಬೂದು, ಕುಣಿಕೆ ಇಲ್ಲ. ಪೆನ್ನು ಒಂದು ಕ್ಷಣ ನಿಂತಿತು. ಇನ್ನೊಂದು ಪದ ಬರೆಯಲಿಲ್ಲ. ಪುಸ್ತಕವನ್ನು ಅವನತ್ತ ನೂಕಿ, ಏಪ್ರನ್ನಿನ ಎದೆಗೆ ಚುಚ್ಚಿಕೊಂಡಿದ್ದ ಸೂಜಿ ಕಿತ್ತು ಹುಡುಗಿಯ ಕಡೆ ತಿರುಗಿದಳು. “ಕೊಡು ಮಗಳೇ ಇಲ್ಲಿ. ಐದು ಸಲ ಅಳೋ ಮುಖ ಹೊತ್ತು ಬರೋ ಬದ್ಲು ಒಂದ್ಸಲ ದಾರ ಕೇಳ್ಬಾರ್ದಿತ್ತಾ?”

ಗೈರು ಮನ್ನಿಸುವ ಅಧಿಕಾರ ಇದ್ದದ್ದು ಡೀನರಿಗೆ. ಮೇಲೆ ಅವರು ಪುಸ್ತಕ ತಿರುವಿ ಹಾಕಿ, “ಹಾಜರಿ ಅಂದ್ರೆ ಕೋಣೆ ಒಳಗೆ, ಬಾಗಿಲ ಹೊರಗಲ್ಲ,” ಎಂದರು.

ಲುಡ್ವಿಕ್ ಮಫ್ಲರನ್ನು ಬಾಯಿಂದ ಕೆಳಗೆಳೆದ. “ಸರಿ ಸರ್. ಹಾಗಾದ್ರೆ ಪ್ರಾಂತದ ಕಚೇರಿಗೆ ಇದ್ದದ್ದನ್ನೇ ಬರೀತೀನಿ: ವಿದ್ಯಾರ್ಥಿನಿ ಐದು ಸಲ ಬಂದಿದ್ರು, ಒಂದು ಗೇಣು ದಾರಕ್ಕೋಸ್ಕರ ಕಾಲೇಜು ಒಳಗೆ ಬಿಡಲಿಲ್ಲ. ಕೆಳಗೆ ನಿಮ್ಮ ಸಹಿ. ಕಳಿಸ್ಲಾ?”

ಈಗ ಹೆದರುವ ಸರದಿ ಡೀನರದಾಯಿತು. ಐದಕ್ಕೂ ‘ಸಕಾರಣ’ ಎಂದು ಬರೆದು ಸಹಿ ಹಾಕಿದಾಗ ಹನ್ನೆರಡಕ್ಕೆ ಎಂಟು ನಿಮಿಷವಿತ್ತು. ಜ್ವರದ ಒಂದು ಮಂಗಳವಾರ ಉಳಿಯಿತು. ಒಂದಕ್ಕೆ ಯಾರ ಹೆಸರನ್ನೂ ಹೊಡೆದುಹಾಕುವುದಿಲ್ಲ. ಹೊರಗೆ ಬಂದು ಹೇಳಿದಾಗ ರುತೆಂಡೊ ಗೋಡೆಗೊರಗಿ ಕೂತುಬಿಟ್ಟಳು. “ಹಾಗಾದ್ರೆ ಪೆಟ್ಟಿಗೆ ಬಿಚ್ಚಬಹುದಾ ಸರ್?” ಎಂದು ಎರಡು ಸಲ ಕೇಳಿದಳು.

ಮುಂದಿನ ಮಂಗಳವಾರ ಏಳು ಐವತ್ತಕ್ಕೆ ಹಳದಿ ಕೋಟು ಕೊಕ್ಕೆಗೇರಿತು, ಹಗ್ಗದಷ್ಟು ದಪ್ಪ ಕಪ್ಪು ದಾರದ ಕುಣಿಕೆಯಲ್ಲಿ. ಪಕ್ಕದ ಕೊಕ್ಕೆಯಲ್ಲಿ ಬೂದು ಕೋಟು, ಅದೇ ದಾರ. ಲುಡ್ವಿಕ್ ಹನ್ನೊಂದು ವರ್ಷಗಳ ಬಳಿಕ ಮುಂಬಾಗಿಲಿನಿಂದ ಬಂದಿದ್ದ. ಆದರೆ ಆವತ್ತು ಕೆಲಸವೇನೂ ಸಾಗಲಿಲ್ಲ. ಹಿತ್ತಾಳೆ ಬಿಲ್ಲೆ ಕಳೆದುಹೋದರೆ ಗೆನೊವೇಫಾ ಏನು ಮಾಡಿಯಾಳೆಂದು ಸಂಜೆಯವರೆಗೂ ಅದನ್ನು ಮುಷ್ಟಿಯಲ್ಲೇ ಹಿಡಿದು, ಎಡಗೈಯಲ್ಲಿ ಬರೆದ.