ಬಾಗಿಲಲ್ಲಿ ನಿಂತ ಗೈಡ್ ಸಾಹೇಬರು

ಸಾಹೇಬರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಆ ಬೆರಳಿನಡಿ ಯಾವಾಗಲೂ ಅಂಗೈಯಗಲದ ಒಂದು ಕನ್ನಡಿ. ಹಳೇಬೀಡಿನ ದೇವಸ್ಥಾನದ ಪೂರ್ವದ ಬಾಗಿಲಲ್ಲಿ ನಿಂತು, ಬೆಳಗಿನ ಬಿಸಿಲನ್ನು ಅದರಲ್ಲಿ ಹಿಡಿದು ಒಳಗಿನ ಕತ್ತಲಿಗೆ ಬಿಟ್ಟರೆ, ಕಂಬದ ಮೇಲಿನ ಮದನಿಕೆಯ ಗೆಜ್ಜೆ ಕೂಡ ಕಣ್ಣಿಗೆ ಬೀಳುತ್ತಿತ್ತು. ಮಾದಿಹಳ್ಳಿಯಿಂದ ಬರುತ್ತಿದ್ದ ನನಗೆ ಗೈಡ್ ಕೆಲಸ ಕಲಿಸಿದವರು ಅವರೇ. "ಮಾತು ಆಮೇಲೆ, ಮೊದ್ಲು ಬೆಳಕು ಬಿಡು ಕಣಮ್ಮ. ನೋಡೋರು ನೋಡ್ಲಿ," ಎನ್ನುತ್ತಿದ್ದರು. ನಾನು ಬಾಯಿಪಾಠ ಒಪ್ಪಿಸತೊಡಗಿದರೆ ಕೆಮ್ಮುತ್ತಿದ್ದರು. ಇಸವಿ ತಪ್ಪಿದರೆ ಎರಡು ಸಲ ಕೆಮ್ಮು.

ಎರಡು ಸಾವಿರದ ಒಂದರ ಸೆಪ್ಟೆಂಬರ್. ಅಮೆರಿಕದಲ್ಲಿ ವಿಮಾನ ನುಗ್ಗಿಸಿ ಸಾವಿರಾರು ಜನರನ್ನು ಕೊಂದದ್ದನ್ನು ಟೀವಿಯಲ್ಲಿ ನೋಡಿ ಸಾಹೇಬರಿಗೆ ಎರಡು ದಿನ ಅನ್ನ ಸೇರಲಿಲ್ಲ. ಆಮೇಲೆ ಯುದ್ಧ ಶುರುವಾಯಿತು, ವಿದೇಶಿಯರ ಬಸ್ಸುಗಳು ನಿಂತುಹೋದವು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ದಿನಾ ಬರುತ್ತಿದ್ದ ಅರಸೀಕೆರೆ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಎಲ್ಲಿಯ ನ್ಯೂಯಾರ್ಕು, ಎಲ್ಲಿಯ ಜಾವಗಲ್ಲಿನ ರಸ್ತೆ! ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಗೇಟಿನೆದುರಿನ ಹೋಟೆಲಿನವರು, "ಒಂದೆರಡು ತಿಂಗಳು ಗಡ್ಡ ತೆಗೆಸ್ಬಿಡಿ ಸಾಬ್ರೇ," ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮರುದಿನ ಸಾಹೇಬರು ಬಿಳಿ ಟೋಪಿ ಹಾಕಿಕೊಂಡು ಬಂದರು. "ಇಷ್ಟು ದಿನ ಶುಕ್ರವಾರ ಮಾತ್ರ ಹಾಕ್ತಿದ್ದೆ ಕಣ್ರೀ. ಇನ್ಮೇಲೆ ದಿನಾ."

ಚಳಿಗಾಲದಲ್ಲಿ ಅಂತೂ ವಿದೇಶಿಯರ ಒಂದು ಗುಂಪು ಬಂತು. ಟೂರ್ ಏಜೆಂಟ್ ಹಿಂದಿನ ದಿನವೇ ನನಗೆ ಫೋನ್ ಮಾಡಿದ್ದ: "ಜನ ಹೆದ್ರಿದಾರೆ. ಸಾಬ್ರು ಬೇಡ, ನೀನೇ ಮಾಡು." ನಾನು ಒಪ್ಪಿಕೊಂಡೆ, ಸಾಹೇಬರಿಗೆ ತಿಳಿಸಲಿಲ್ಲ. ಆದರೆ ಒಳಗೆ ಹೋದರೆ ನನ್ನ ಟಾರ್ಚು ಮಂಕು. ಕತ್ತೆತ್ತಿ ನಿಂತ ಜನಕ್ಕೆ ಕಂಡದ್ದು ಬರೀ ಕತ್ತಲು. ಅಷ್ಟರಲ್ಲಿ ಮದನಿಕೆಯ ಮುಖದ ಮೇಲೆ ಬೆಳಕು ಬಿತ್ತು. ಎಲ್ಲರೂ ತಿರುಗಿದರು. ಬಾಗಿಲಲ್ಲಿ ಕನ್ನಡಿ, ಗಡ್ಡ, ಬಿಳಿ ಟೋಪಿ.

"ಯಾರದು?" ಎಂದು ಗುಂಪಿನ ಹಿರಿಯ ಪಿಸುಗುಟ್ಟಿದ.

"ಬೆಳಕು ಬಿಡೋ ಕೆಲಸದವರು," ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಸಾಹೇಬರಿಗೆ ನನಗಿಂತ ಚೆನ್ನಾಗಿ ಇಂಗ್ಲಿಷ್ ಬರುತ್ತಿತ್ತು. ಕನ್ನಡಿ ಕೆಳಗಿಳಿಸಿ ಒಳಗೆ ಬಂದರು. ತಂದೆಯ ಹೆಸರು ಸೇರಿಸಿ ತಮ್ಮ ಪೂರ್ತಿ ಹೆಸರು ಹೇಳಿದರು. "ಈ ಹುಡುಗಿಗೆ ಕಲಿಸಿದವನು ನಾನು. ಅಲ್ಲಿ ಕೊಂದವರು ನನ್ನನ್ನು ಕೇಳಿ ಕೊಲ್ಲಲಿಲ್ಲ. ನನ್ನನ್ನು ಕೇಳುವುದಿದ್ದರೆ ಈ ಕಲ್ಲಿನ ಬಗ್ಗೆ ಕೇಳಿ."

ಇಬ್ಬರು ಹೊರಗೆ ನಡೆದರು. ಮಿಕ್ಕವರು ನಿಂತರು. ಸಾಹೇಬರು ಕನ್ನಡಿಯನ್ನು ನನ್ನ ಕೈಗೆ ತುರುಕಿ ಕನ್ನಡದಲ್ಲಿ ಹೇಳಿದರು: "ಹೋಗಮ್ಮ, ಬಾಗ್ಲಲ್ಲಿ ನಿಂತ್ಕೊ. ಇವತ್ತು ಬೆಳಕು ಬಿಡೋ ಕೆಲಸ ನಿಂದು." ಒಂದು ಗಂಟೆ ಅವರು ಮಾತಾಡಿದರು, ನಾನು ಬೆಳಕು ಬಿಟ್ಟೆ. ನಾಚಿಕೆಯಿಂದ ತಲೆ ತಗ್ಗಿಸಿದಾಗಲೆಲ್ಲ ಬೆಳಕು ಶಿಲ್ಪದ ಮೇಲಿಂದ ಜಾರುತ್ತಿತ್ತು. ಆಗ ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು.

ಆ ಏಜೆಂಟನಿಗೆ ಅಂದೇ ಫೋನ್ ಮಾಡಿ, ನಾವಿಬ್ಬರೂ ಬೇಕಾದರೆ ಜನ ಕಳಿಸು, ಇಲ್ಲದಿದ್ದರೆ ಬೇಡ ಎಂದೆ. ಅವನು ಮತ್ತೆ ಕರೆಯಲಿಲ್ಲ. ಹಾಳಾಗಿ ಹೋಗಲಿ.

ಸಾಹೇಬರು ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಯವರೆಗೂ ಆ ಟೋಪಿ ತೆಗೆಯಲಿಲ್ಲ. ಕನ್ನಡಿ ನನ್ನ ಬಳಿಯಿದೆ. ಎಲ್ಲೋ ಬಾಂಬು ಸಿಡಿದಾಗಲೆಲ್ಲ ಯಾರಾದರೂ ಫೋನಿನಲ್ಲಿ ಗೈಡ್ ಹೆಸರೇನು ಎಂದು ಹುಷಾರಾಗಿ ಕೇಳುತ್ತಾರೆ. ನಾನು ಮೊದಲು ನನಗೆ ಕಲಿಸಿದವರ ಪೂರ್ತಿ ಹೆಸರು ಹೇಳುತ್ತೇನೆ, ಆಮೇಲೆ ನನ್ನದು. ಅದನ್ನು ಕೇಳಿಯೂ ಬರುವವರು ಬಂದರೆ ಸಾಕು.