ಮೂಗಕ್ಕನ ಸೊನ್ನೆ

ಬೆಳಗಿನಿಂದ ಮೂಗಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತೊಳೆದ ಗ್ಲಾಸುಗಳನ್ನೇ ಮತ್ತೆ ತೊಳೆದಳು, ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು, ಕಿಟಕಿ ತೆಗೆದಳು, ಹಾಕಿದಳು. ಮೇಜಿನ ಮೇಲೆ ಒಂದು ಗ್ಲಾಸಿನಲ್ಲಿ ಉಗ್ರಾಣದಣ್ಣನ ಪೀಪಾಯಿಯಿಂದ ತೆಗೆದ ಬರ್ಬನ್ ವಿಸ್ಕಿ ಇತ್ತು. ಅದನ್ನು ಮೂಸಿ ಅವಳು ‘ಹೌದು’ ಅನ್ನಬೇಕು, ಇಲ್ಲವೇ ‘ತೊಟ್ಟಿಗೆ’ ಅನ್ನಬೇಕು. ಹೌದು ಅಂದರೆ ಆ ಪೀಪಾಯಿ ಬೇರೆ ಯಾವುದರ ಜೊತೆಗೂ ಬೆರೆಯದೆ ಬಾಟಲಿಗೆ ಇಳಿಯುತ್ತದೆ, ಲೇಬಲ್ಲಿನ ಮೇಲೆ ಅದನ್ನು ಕಾದವನ ಹೆಸರು ಬರುತ್ತದೆ. ತೊಟ್ಟಿಗೆ ಅಂದರೆ ನೂರಾರು ಪೀಪಾಯಿಗಳ ಜೊತೆ ದೊಡ್ಡ ಸ್ಟೀಲ್ ತೊಟ್ಟಿಗೆ ಸುರಿದು ಕಲಸುತ್ತಾರೆ, ಆಮೇಲೆ ಯಾವುದು ಯಾರದ್ದು ಅಂತ ದೇವರೂ ಹೇಳಲಾರ. ಪೀಪಾಯಿಗಳ ಉಗ್ರಾಣ ನೋಡಿಕೊಳ್ಳುತ್ತಿದ್ದ ಈ ಅಣ್ಣ ತಿಂಗಳ ಕೊನೆಗೆ ನಿವೃತ್ತನಾಗುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ತನಗೆಂದು ಕೇಳಿದ್ದು ಈ ಒಂದು ಲೇಬಲ್ಲು ಮಾತ್ರ.

ವಿಸ್ಕಿ ಕಂಪನಿಯ ಮೂಗು ಅವಳೇ ಆದ್ದರಿಂದ ಅವಳು ಮೂಗಕ್ಕ. ಹೊಸದಾಗಿ ಸೇರಿದವರು ಹೆಸರು ಕೇಳಿ, ಪಾಪ, ಅಕ್ಕನಿಗೆ ಮಾತು ಬರುವುದಿಲ್ಲವೇನೋ ಅಂದುಕೊಂಡು ಕೈಸನ್ನೆ ಮಾಡುತ್ತಿದ್ದರು. ಅವಳು ಬಾಯಿ ತೆರೆದ ಮೇಲೆ, ಇವಳು ಮೂಗಿಯಾಗಿದ್ದರೇ ಎಷ್ಟೋ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಮನೆಯಲ್ಲಿ ಅವಳ ಅಮ್ಮನಿಗೆ ಬರ್ಬನ್ ಅಂದರೆ ಆ ಹೆಸರಿನ ಚಾಕೊಲೇಟ್ ಬಿಸ್ಕೆಟ್. "ನನ್ನ ಮಗಳು ಬಿಸ್ಕೆಟ್ ಫ್ಯಾಕ್ಟರೀಲಿ ದೊಡ್ಡ ಕೆಲಸದಲ್ಲಿದ್ದಾಳೆ, ಅವಳು ಮೂಸಿ ನೋಡದೆ ಒಂದು ಪ್ಯಾಕೆಟ್ಟೂ ಹೊರಗೆ ಹೋಗಲ್ಲ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಮಗಳು ತಿದ್ದುವ ಗೋಜಿಗೆ ಹೋಗಲಿಲ್ಲ. ಅಷ್ಟು ಸೊಗಸಾದ ತಪ್ಪನ್ನು ತಿದ್ದಿ ಯಾರಿಗೆ ಏನಾಗಬೇಕು?

ಕಂಪನಿ ನೋಡಲು ಬಂದವರಿಗೆ ಪಾಠ ಹೇಳುವುದೆಂದರೆ ಅವಳಿಗೆ ಎಲ್ಲಿಲ್ಲದ ಹುರುಪು. "ಬರ್ಬನ್ ಅನ್ನಿಸಿಕೊಳ್ಳಬೇಕಾದ್ರೆ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ ಇರಬೇಕು, ಮಿಕ್ಕಿದ್ದು ಬಾರ್ಲಿ, ರೈ ಅನ್ನೋ ಗೋಧಿಯಂಥ ಕಾಳು. ಪೀಪಾಯಿ ಹೊಸದಿರಬೇಕು, ಒಳಗೆಲ್ಲ ಸುಟ್ಟು ಕರಿ ಮಾಡಿರಬೇಕು. ಬೇರೆ ವಿಸ್ಕಿಗಳು ಹಳೇ ಪೀಪಾಯೀಲೂ ಸಂಸಾರ ಮಾಡ್ತವೆ. ಇದಕ್ಕೆ ಮಾತ್ರ ಎರಡನೇ ಸಂಬಂಧ ಆಗಿಬರಲ್ಲ." ಬಾಟಲಿಯ ಮೇಲಿನ ವರ್ಷ ನೋಡಿ ಕೊಳ್ಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ವಯಸ್ಸಾದ ಮಾತ್ರಕ್ಕೆ ಒಳ್ಳೇದಾಗಿಬಿಡತ್ತಾ? ಹಾಗಿದ್ರೆ ನಮ್ಮ ದೊಡ್ಡಪ್ಪನ್ನ ಒಂದ್ಸಲ ನೋಡ್ಕೊಂಡು ಬನ್ನಿ. ಅತಿಯಾಗಿ ಇಟ್ರೆ ಬರೀ ಮರ ನೆಕ್ಕಿದ ಹಾಗಿರತ್ತೆ. ಇನ್ನು ಬಾಟಲಿಗೆ ಬಂದ ಮೇಲೆ ನಿಮ್ಮ ಬೀರುವಿನಲ್ಲಿ ಎಷ್ಟು ವರ್ಷ ಬಚ್ಚಿಟ್ರೂ ಅದಕ್ಕೆ ಒಂದು ದಿನದ ವಯಸ್ಸೂ ಏರಲ್ಲ. ಬಾಟಲಿ ಚೆಂದ ಇದೆ ಅಂತ ತಗೊಳ್ಳೋರು ಬಾಟಲೀನೇ ಕುಡೀಲಿ."

ಗ್ಲಾಸಿಗೆ ಮೂಗು ತುರುಕಿದವರಿಗೆ ಬೈಗುಳ ಗ್ಯಾರಂಟಿ. ತುಟಿ ಒಂದಿಷ್ಟು ತೆರೆದುಕೊಂಡು ದೂರದಿಂದ ಮೂಸಬೇಕು, ಇಲ್ಲದಿದ್ದರೆ ಘಾಟು ನೆತ್ತಿಗೇರಿ ಮುಂದಿನದೇನೂ ತಿಳಿಯುವುದಿಲ್ಲ. ಮೊದಲ ಗುಟುಕಿನ ಮಾತು ನಂಬಬಾರದು, ಅದು ನಾಲಗೆಗೆ ಪರಿಚಯ ಮಾಡಿಸುವುದಕ್ಕಷ್ಟೇ. ಎರಡನೆಯದು ನಿಜ ಹೇಳುತ್ತದೆ. ನಾಲ್ಕು ಹನಿ ನೀರು ಹಾಕಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ, ಮುದುರಿಕೊಂಡಿದ್ದ ವಾಸನೆ ಬಿಚ್ಚಿಕೊಳ್ಳುತ್ತದೆ. ನುಂಗಿದ ಮೇಲೆ ಅದು ಗಂಟಲಲ್ಲಿ ಎಷ್ಟು ಹೊತ್ತು ಉಳಿಯಿತು, ಉಳಿದದ್ದು ಹಿತವಾಗಿತ್ತೇ ಅಂತ ನೋಡಬೇಕು. ಕೆಲವು ನೆಂಟರ ಹಾಗೆ, ಬಂದಾಗಲ್ಲ, ಹೋದ ಮೇಲೆ ಗೊತ್ತಾಗುತ್ತದೆ.

ಇವೆಲ್ಲಕ್ಕೂ ಮೊದಲು ‘ಸೊನ್ನೆ’. ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ಹೋಗುವ ನಡುವೆ ಈ ಕೆಲಸದವರು ತಮ್ಮದೇ ಮೊಣಕೈಯ ಒಳಮಡಿಕೆಯನ್ನು ಮೂಸುತ್ತಾರೆ. ತನ್ನ ಮೈಯ ವಾಸನೆ ತನಗೆ ತಿಳಿಯುವುದಿಲ್ಲವಲ್ಲ, ಅಲ್ಲಿ ಮೂಗು ಸುಧಾರಿಸಿಕೊಳ್ಳುತ್ತದೆ, ಸೊನ್ನೆಗೆ ಬರುತ್ತದೆ. ಆ ಸೊನ್ನೆ ಕೆಡಬಾರದೆಂದು ಮೂಗಕ್ಕ ಸೆಂಟು ಮುಟ್ಟಿದವಳಲ್ಲ, ಘಮಘಮ ಸೋಪು ಹಚ್ಚಿದವಳಲ್ಲ, ಹೂವಿನಂಗಡಿಯ ಮುಂದೆ ಹಾಯುವಾಗಲೂ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದಳು.

ಅಂದು ಮೊಣಕೈ ಮೂಸಿದಳು. ಸೊನ್ನೆ. ಗ್ಲಾಸು ಮೂಸಿದಳು. ಸುಟ್ಟ ಸಕ್ಕರೆ ಬಂತು, ಮರ ಬಂತು, ಒಣದ್ರಾಕ್ಷಿ ಬಂತು. ಅದರ ಮೇಲೆ ಇನ್ನೇನೋ ಇರಬೇಕಿತ್ತು, ಇರಲಿಲ್ಲ. ನೀರಿನ ಹನಿ ಹಾಕಿದಳು, ಅಂಗೈಗೆ ಸುರಿದು ಉಜ್ಜಿ ಮೂಸಿದಳು. ಊಹೂಂ. ಕೆಲವು ವಾರಗಳಿಂದ ಎಷ್ಟೋ ಪೀಪಾಯಿಗಳು ಹೀಗೇ ಸಪ್ಪೆಯೆನಿಸಿದ್ದವು, ಅವನ್ನೆಲ್ಲ ಅವಳು ತೊಟ್ಟಿಗೆ ಕಳಿಸಿದ್ದಳು. ಹೊರಗೆ ಮ್ಯಾನೇಜರ್ ಕಾಯುತ್ತಿದ್ದ. ಅವನ ಹಿಂದೆ ಟೋಪಿ ಕೈಯಲ್ಲಿ ಹಿಡಿದುಕೊಂಡು ಉಗ್ರಾಣದಣ್ಣ ನಿಂತಿದ್ದ.

"ಸಪ್ಪೆ ಇದೆ ಅಣ್ಣ," ಅಂದಳು ಬಾಗಿಲಿಗೆ ಬಂದು.

"ಸಪ್ಪೆನಾ? ಪುದೀನ ಬರಲ್ವಾ ನಿನಗೆ? ರೈ ಕಾಳು ಜಾಸ್ತಿ ಹಾಕಿದ ವರ್ಷದ್ದಮ್ಮ ಅದು. ಬಿರಡೆ ತೆಗೆದ್ರೆ ಪುದೀನ ಸೊಪ್ಪು ಕೈಯಲ್ಲಿ ಕಿವುಚಿದ ಹಾಗೆ ಬರತ್ತೆ."

"ನನಗೆ ಬರಲಿಲ್ಲ."

"ಇನ್ನೊಂದ್ಸಲ ನೋಡು ತಾಯಿ."

"ಬೆಳಗಿಂದ ಅದನ್ನೇ ನೋಡ್ತಿದೀನಿ ಅಣ್ಣ. ತೊಟ್ಟಿಗೆ."

ಉಗ್ರಾಣದಣ್ಣ ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ಮೂಗು ನಿಂದು, ಮಾತೂ ನಿಂದೇ" ಅಂದು ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿಹೋದ. ಅವನ ಉಗ್ರಾಣದ ಮೇಲಿನ ಅಂತಸ್ತು ಬಿಸಿಲಿಗೆ ಕಾದು ಒಲೆಯಾಗುತ್ತಿತ್ತು. ಸೆಕೆಯಲ್ಲಿ ಪೀಪಾಯಿ ಬೇಗ ಹದವಾಗುತ್ತದೆ, ಬೇಗ ಕೈಮೀರುವುದೂ ಉಂಟು. ಈ ಒಂದನ್ನು ಅವನು ಬೇಸಗೆ ಬಂದಾಗಲೆಲ್ಲ ಕೆಳಗಿಳಿಸಿ, ಚಳಿಗೆ ಮೇಲೇರಿಸಿ, ಹೆತ್ತ ಮಗುವಿನಂತೆ ನೋಡಿಕೊಂಡಿದ್ದ. ಅದನ್ನು ತೊಟ್ಟಿಗೆ ಸುರಿಯುವುದು ಮರುದಿನ ಬೆಳಿಗ್ಗೆ ಎಂದು ನಿಗದಿಯಾಯಿತು.

ಸಂಜೆಯ ಬಸ್ಸಿನಲ್ಲಿ ಮೂಗಕ್ಕ ಸೀಟು ಸಿಕ್ಕರೂ ಕೂರಲಿಲ್ಲ. ಅಣ್ಣನ ಮುಖ ಕಣ್ಣ ಮುಂದಿನಿಂದ ಸರಿಯುತ್ತಿರಲಿಲ್ಲ. ಕಂಬಿ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು.

"ತಲೆನೋವಾ ಅಕ್ಕ? ಇಲ್ಲಿ ಕೂತ್ಕೊಳ್ಳಿ."

"ನನಗೇನೂ ಇಲ್ವಲ್ಲ. ಯಾಕೆ?"

"ಮುಲಾಮಿನ ವಾಸನೆ ಘಂ ಅಂತ ಬಂತು, ಅದಕ್ಕೆ ಕೇಳಿದೆ."

ಮೂಗಕ್ಕ ಕಂಬಿ ಬಿಟ್ಟು ಮೊಣಕೈ ಮಡಚಿ ಮೂಸಿದಳು. ಏನೂ ಇರಲಿಲ್ಲ. ಸೊನ್ನೆ.

ಮನೆಯಲ್ಲಿ ಅಮ್ಮ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಈಚಿನ ವಾರಗಳಲ್ಲಿ ಉಸಿರು ಸರಾಗವಾಗಲೆಂದು ಎದೆಗೂ ಹಣೆಗೂ ಹೊತ್ತುಹೊತ್ತಿಗೆ ಮುಲಾಮು ಹಚ್ಚುತ್ತಿದ್ದರು, ಪುದೀನ ಮತ್ತು ಕರ್ಪೂರ ಸೇರಿದ ಕಟುವಾದ ಮುಲಾಮು. ಹಗಲು ನೋಡಿಕೊಳ್ಳಲು ಪಕ್ಕದ ಬೀದಿಯಲ್ಲಿದ್ದ ಅವಳ ತಂಗಿ ಬರುತ್ತಿದ್ದಳು. ಆದರೆ ಹಾಲು, ಔಷಧಿ ಕುಡಿಯಬೇಕಾದರೆ ಅಮ್ಮನಿಗೆ ಹಿರಿಮಗಳ ತೋಳೇ ಆಗಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಮೊಣಕೈ ಮಡಿಕೆಯಲ್ಲಿ ತಲೆಯಿಟ್ಟರೆ ಕುಡಿದಾದ ಮೇಲೂ ಎತ್ತುತ್ತಿರಲಿಲ್ಲ. ಸೆಂಟು, ಸೋಪು, ಹೂವು ಎಲ್ಲವನ್ನೂ ದೂರವಿಟ್ಟವಳಿಗೆ ಅಮ್ಮನೂ ಒಂದು ವಾಸನೆ ಎಂದು ಹೊಳೆದೇ ಇರಲಿಲ್ಲ. ಪುದೀನದಲ್ಲೇ ಮುಳುಗಿ ಎದ್ದು ಹೋಗಿ ಗ್ಲಾಸಿನಲ್ಲಿ ಪುದೀನ ಹುಡುಕಿದರೆ ಎಲ್ಲಿಂದ ಸಿಗಬೇಕು!

ಬಸ್ಸಿಳಿದು ಅಲ್ಲೇ ನಿಂತು ಮ್ಯಾನೇಜರಿಗೆ ಫೋನ್ ಮಾಡಿದಳು. ಹೇಳಿದರೆ ತನ್ನ ಮಾತಿನ ಬೆಲೆ ಏನಾಗುತ್ತದೆ ಅಂತ ಗೊತ್ತಿತ್ತು. ಅದಕ್ಕೇ ಯೋಚಿಸಲು ಪುರುಸೊತ್ತು ಕೊಟ್ಟುಕೊಳ್ಳಲಿಲ್ಲ.

"ನಾಳೆ ಅಣ್ಣನ ಪೀಪಾಯಿ ಮುಟ್ಟಬೇಡಿ."

"ಯಾಕಕ್ಕಾ, ಏನಾಯ್ತು?"

"ನನ್ನ ಮೂಗು ಕೆಟ್ಟಿದೆ. ಒಂದು ವಾರ ಕೊಡಿ, ಸರಿ ಮಾಡ್ಕೊಂಡು ಬಂದು ಮತ್ತೆ ನೋಡ್ತೀನಿ."

"ಹಾಗಾದ್ರೆ ಇಷ್ಟು ದಿನ ನೀವು ತೊಟ್ಟಿಗೆ ಅಂದಿದ್ದು?"

"ಹೋಗಿದ್ದು ಹೋಯ್ತು. ಬೈಯೋದಿದ್ರೆ ಆಮೇಲೆ ಬೈಯ್ರಿ. ಇದೊಂದನ್ನ ಉಳಿಸಿ."

ತಂಗಿಯ ಹತ್ತಿರ ಹೇಳುವುದು ಇದಕ್ಕಿಂತ ಕಷ್ಟವಾಯಿತು. ವಾರದ ಮಟ್ಟಿಗೆ ಮನೆ ಅದಲುಬದಲು ಮಾಡಿಕೊಳ್ಳೋಣ, ನೀನು ಅಮ್ಮನ ಹತ್ತಿರ ಇರು, ನಾನು ನಿಮ್ಮ ಮನೆಯಲ್ಲಿರುತ್ತೇನೆ ಅಂದಾಗ ತಂಗಿ ಕೈಯಲ್ಲಿದ್ದ ಲೋಟ ಕುಕ್ಕಿದಳು.

"ಅಮ್ಮನ ವಾಸನೆ ಬಿಡಿಸ್ಕೊಳ್ಳೋಕೆ ಹೋಗ್ತಿದೀಯಾ?"

"ಬಾಯಿಗೆ ಬಂದಿದ್ದು ಮಾತಾಡಬೇಡ ಕಣೆ."

"ಮತ್ತೆ ಇದಕ್ಕೆ ಏನಂತಾರೆ, ನೀನೇ ಹೇಳು."

ಮೂಗಕ್ಕ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡು ಹೊರಟಳು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆಯೋ ಮುನಿಸೋ ತಿಳಿಯಲಿಲ್ಲ.

ಆ ವಾರ ಅವಳು ಪಟ್ಟ ಪಾಡು ಯಾರಿಗೂ ಬೇಡ. ತಂಗಿಯ ಮನೆಯ ಹಾಸಿಗೆಯಲ್ಲಿ ಮಗ್ಗುಲಿನಿಂದ ಮಗ್ಗುಲಿಗೆ ಹೊರಳಿದಳು. ಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕಿದಳು, ತೋಳು ಕೆಂಪಾಗುವಷ್ಟು ಉಜ್ಜಿದಳು. ದಿನಾ ಸಂಜೆ ತನ್ನ ಮನೆಯ ಕಿಟಕಿಯ ಹೊರಗೆ ನಿಂತು "ಹಾಲು ಕುಡಿದ್ಲಾ?" ಎಂದು ಕೇಳಿ, "ಅರ್ಧ" ಎಂಬ ಉತ್ತರ ಕೇಳಿಸಿಕೊಂಡು, ಒಳಗೆ ಹೋಗಲಾಗದೆ ಬೀದಿ ಸುತ್ತಿದಳು. ತಾನು ಮಾಡುತ್ತಿರುವುದು ನಿಯತ್ತೋ ಪಾಪವೋ ಅವಳಿಗೆ ಬಗೆಹರಿಯಲಿಲ್ಲ.

ವಾರ ಕಳೆದು ಕೆಲಸಕ್ಕೆ ಹೋದವಳು ಮೊದಲು ಉಗ್ರಾಣದ ಮೆಟ್ಟಿಲು ಹತ್ತಿದಳು.

"ಅಣ್ಣಾ, ತಪ್ಪು ಪೀಪಾಯೀದಲ್ಲ, ನಂದು. ಅಮ್ಮನಿಗೆ ಹಚ್ಚೋ ಮುಲಾಮು ನನ್ನ ಮೈಗೆಲ್ಲ ಹತ್ತಿತ್ತು."

"ಗೊತ್ತು," ಅಂದ ಅವನು.

"ಗೊತ್ತಾ?"

"ಎಷ್ಟೋ ದಿನದಿಂದ ಬರ್ತಿತ್ತು. ನೀನು ಬಂದ್ಯಾ ಇಲ್ವಾ ಅಂತ ನೋಡೋದೇ ಬೇಡ, ಮುಲಾಮು ಮುಂಚೆ ಬರ್ತಿತ್ತು. ಕೆಳಗಿನವರೆಲ್ಲ ಅದನ್ನೇ ಮಾತಾಡ್ಕೊಳ್ತಿದ್ರು."

"ಒಂದು ಮಾತು ಹೇಳಬಾರದಿತ್ತಾ ಅಣ್ಣಾ?"

"ಮೂಗಿನವಳಿಗೆ ವಾಸನೆ ಬಗ್ಗೆ ಹೇಳೋಕೆ ನಾನ್ಯಾರು ತಾಯಿ? ನಿನಗೆ ಗೊತ್ತಿರತ್ತೆ, ಏನೋ ಲೆಕ್ಕ ಇಟ್ಕೊಂಡಿರ್ತೀಯ ಅಂದ್ಕೊಂಡೆ."

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅಣ್ಣ ತಾಮ್ರದ ಕೊಳವೆ ಇಳಿಬಿಟ್ಟು ಪೀಪಾಯಿಯಿಂದ ಒಂದಿಷ್ಟು ಎತ್ತಿ ಗ್ಲಾಸಿಗೆ ಬಿಟ್ಟ. ಅವಳು ಮೊಣಕೈ ಮೂಸಿ, ತುಟಿ ತೆರೆದು, ಗ್ಲಾಸನ್ನು ಹತ್ತಿರ ತಂದಳು. ಅಷ್ಟು ಹತ್ತಿರ ತರುವ ಅಗತ್ಯವೇ ಇರಲಿಲ್ಲ. ಪುದೀನ ಎದುರುಗೊಂಡಿತು, ಹಸಿಹಸಿಯಾಗಿ, ತಣ್ಣಗೆ. ಅದರ ಹಿಂದೆಯೇ ಸುಟ್ಟ ಸಕ್ಕರೆ, ಮರ, ಒಣದ್ರಾಕ್ಷಿ. ಇಷ್ಟು ಒಳ್ಳೆಯ ಪೀಪಾಯಿಯನ್ನು ತಾನು ಮುಳುಗಿಸುವುದರಲ್ಲಿದ್ದೆ ಎಂದುಕೊಳ್ಳುತ್ತ ಅವಳು ಮತ್ತೊಮ್ಮೆ ಮೂಸಿದಳು.

"ಹೌದು," ಅಂದಳು. ಅಣ್ಣ ಟೋಪಿ ತೆಗೆದು ಕಣ್ಣೊರೆಸಿಕೊಂಡ, ಸೆಕೆ ಅಂತ ಹೇಳಿದ.

ಅಂದು ಸಂಜೆ ಬಸ್ಸು ನಿಧಾನವೆಂದು ಎರಡು ನಿಲ್ದಾಣ ಮೊದಲೇ ಇಳಿದು ನಡೆದಳು. ಅಮ್ಮನಿಗೆ ಏನು ಹೇಳುವುದು, ಹೇಗೆ ಸಮಾಧಾನ ಮಾಡುವುದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಬಾಗಿಲು ತಳ್ಳಿದ ಕೂಡಲೇ ಮುಲಾಮು ಮುಖಕ್ಕೆ ರಾಚಿತು. ಇಷ್ಟು ಜೋರಿತ್ತೇ ಅಂದುಕೊಳ್ಳುವಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಬಂತು. ಸಿಹಿಗಟ್ಟಿದ, ಅತಿಯಾಗಿ ಕಳಿತ ಹಣ್ಣಿನಂಥ ವಾಸನೆ. ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗಿನಿಂದ ಮುಗಿಯುತ್ತಿರುವುದರ ವಾಸನೆ ಅದು. ಬೇಡ ಬೇಡವೆಂದರೂ ಅವಳ ಮೂಗು ಅದನ್ನು ಬಿಡಿಸಿ ಬಿಡಿಸಿ ಹೇಳುತ್ತಿತ್ತು. ಅಮ್ಮನಿಗೆ ಇನ್ನು ಕೆಲವೇ ದಿನ.

ತಂಗಿ ಅಡುಗೆಮನೆಯಿಂದ ಬಂದು ಅಕ್ಕನ ಮುಖ ನೋಡಿದಳು.

"ಬಂತಾ?"

"ಹೂಂ."

"ನನಗೆ ಎಷ್ಟೋ ದಿನದಿಂದ ಬರ್ತಿದೆ. ನೀನು ಮೂಗಿನವಳು, ನಿನಗೆ ಗೊತ್ತಿಲ್ಲದೆ ಇರತ್ತಾ, ತಡ್ಕೊಂಡಿದೀಯ ಅಂತ ಸುಮ್ಮನಿದ್ದೆ." ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. "ನಿನಗೆ ಬರ್ತಾನೇ ಇರಲಿಲ್ಲ ಅಂತ ನನಗೇನು ಗೊತ್ತು ಅಕ್ಕಾ."

ಮೂಗಕ್ಕ ಮ್ಯಾನೇಜರಿಗೆ ಫೋನ್ ಮಾಡಿ, ಇನ್ನು ಸ್ವಲ್ಪ ದಿನ ಬರುವುದಿಲ್ಲ, ಬೇರೆ ಯಾರದಾದರೂ ಮೂಗು ನೋಡಿಕೊಳ್ಳಿ ಅಂದಳು. ಅವನು ಏನೋ ಕೇಳುತ್ತಿದ್ದಂತೆ ಫೋನ್ ಇಟ್ಟು ಅಮ್ಮನ ಕೋಣೆಗೆ ಹೋದಳು.

"ಯಾರು?" ಅಂದಳು ಅಮ್ಮ, ಕಣ್ಣು ಬಿಡದೆ.

"ನಾನಮ್ಮ."

"ಕೈ ಕೊಡು."

ಮೂಗಕ್ಕ ಹಾಸಿಗೆಯ ಮೇಲೆ ಕೂತು ತೋಳು ಚಾಚಿದಳು. ಅಮ್ಮ ತಡಕಿ ಹುಡುಕಿ ಆ ಮಡಿಕೆಯಲ್ಲಿ ತಲೆಯಿಟ್ಟಳು. ಈ ಕೋಣೆ ಬಿಟ್ಟು ಕದಲದೆ ಕೂತರೆ ಎಂಥ ಮೂಗಾದರೂ ಸೋಲುತ್ತದೆ, ಈ ವಾಸನೆಯೂ ತಿಳಿಯದೆ ಹೋಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವಳು ಅಮ್ಮನ ನೆತ್ತಿಯ ಮೇಲೆ ಮೂಗಿಟ್ಟು ಉಸಿರೆಳೆದುಕೊಳ್ಳುತ್ತ, ಅದು ಬೇಗ ಸೋಲಲಿ ಎಂದು ಕಾಯುತ್ತಾ ಕೂತಳು.