ತಾಂಡೇಲ ಕಾಕಾ ಕೇಳಿದ ಎರಡು ಅಡಿ ಜಾಗ

ಕಳೆದ ವಾರ ನಮ್ಮ ಬಿಲ್ಡಿಂಗಿನ ಲಿಫ್ಟಿಗೆ ಹೊಸ ಶೀಟು ಅಂಟಿಸುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಟವನಿಗೆ ಬಾಗಿಲು ತೆರೆಯುತ್ತಲೇ ಅಂಟು ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ನಾನೇನು ಆ ವಾಸನೆಗೆ ಹೊಸಬನಲ್ಲ. ಇಪ್ಪತ್ತೈದು ವರ್ಷಗಳಿಂದ ಜನರ ನೆಲಕ್ಕೆ ಶೀಟು ಅಂಟಿಸಿಯೇ ಹೊಟ್ಟೆ ಹೊರೆದವನು. ಆದರೆ ಮುಚ್ಚಿದ ಸಣ್ಣ ಜಾಗದಲ್ಲಿ, ಹೊರಗೆ ಮಳೆ ಹಿಡಿದಿರುವಾಗ, ಅದೇ ವಾಸನೆ ಬೇರೆಯಾಗುತ್ತದೆ. ಹಿಂದೊಮ್ಮೆ ಟಾರ್ಪಾಲಿನ ಕೆಳಗೆ ಕುಳಿತು ಒಂದು ಬೋಟಿನ ನೆಲಕ್ಕೆ ಶೀಟು ಅಂಟಿಸಿದ ದಿನವೂ ಹೀಗೇ ಇತ್ತು. ಲಿಫ್ಟು ಬಿಟ್ಟು ಮೆಟ್ಟಿಲು ಇಳಿದೆ. ನಾಲ್ಕು ಮಹಡಿ ಇಳಿಯುವಷ್ಟರಲ್ಲಿ ತಾಂಡೇಲ ಕಾಕಾ ಪೂರ್ತಿಯಾಗಿ ನೆನಪಾಗಿದ್ದರು...

ತಾಂಡೇಲ ಅಂದರೆ ಬೋಟು ನಡೆಸುವವನು. ಅವರು ಉಡುಪಿ ಕಡೆಯವರು. ಆಂಟಾಪ್ ಹಿಲ್ಲಿನ ನಮ್ಮ ಹಳೆಯ ಚಾಳಿನಲ್ಲಿ ಅವರದು ನಮ್ಮ ಎದುರಿನ ಖೋಲಿ. ನಮ್ಮಪ್ಪ ವಿಜಯಪುರದಿಂದ ಗಾರೆ ಕೆಲಸಕ್ಕೆ ಬಂದವನು. ಅವರ ಕನ್ನಡ ನಮಗೆ ಅರ್ಧ ತಿಳಿಯುತ್ತಿರಲಿಲ್ಲ, ನಮ್ಮದು ಅವರಿಗೆ ಮುಕ್ಕಾಲು ತಿಳಿಯುತ್ತಿರಲಿಲ್ಲ, ಆದರೂ ಎರಡೂ ಮನೆಗಳಿಗೆ ಹೊಕ್ಕು ಬಳಕೆ ಇತ್ತು. ನಮ್ಮ ರೊಟ್ಟಿ ಅವರ ಮನೆಗೆ ಹೋಗುತ್ತಿತ್ತು. ಅವರ ಮೀನಿನ ಸಾರು ಮಾತ್ರ ನಮ್ಮ ಹೊಸ್ತಿಲು ದಾಟಲಿಲ್ಲ, ನಾನೇ ಹೊಸ್ತಿಲು ದಾಟಿ ಹೋಗಿ ಉಣ್ಣುತ್ತಿದ್ದೆ. ಅವ್ವನಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇರುತ್ತಿದ್ದಳು.

ಹರೆಯವನ್ನೆಲ್ಲ ಮೀನು ಹಿಡಿಯುವ ದೊಡ್ಡ ಬೋಟುಗಳಲ್ಲಿ ಕಳೆದ ಕಾಕಾ, ಐವತ್ತು ದಾಟಿದ ಮೇಲೆ ಒಬ್ಬ ಬಿಲ್ಡರನ ಸ್ಪೀಡ್‌ಬೋಟಿಗೆ ಸೇರಿದ್ದರು. ಆ ಸೇಠ್‌ಗೆ ಅಲಿಬಾಗಿನಲ್ಲಿ ಬಂಗಲೆ. ಶನಿವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು, ಭಾನುವಾರ ಸಂಜೆ ಕರೆತರುವುದು. ಬಲೆ ಎಳೆಯುವ ಕಷ್ಟವಿಲ್ಲ, ವಾರಗಟ್ಟಲೆ ಮನೆ ಬಿಡುವುದಿಲ್ಲ. ಸಾಯುವ ತನಕ ಇದೇ ಕೆಲಸ ಸಾಕು ಎನ್ನುತ್ತಿದ್ದರು.

ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಕಾಗೆ ಕಿವಿ ಕೇಳಿಸುತ್ತಿರಲಿಲ್ಲ. ಮೂವತ್ತು ವರ್ಷ ಇಂಜಿನ್ನಿನ ಪಕ್ಕದಲ್ಲೇ ಮಲಗಿ ಎದ್ದು, ಕಿವಿ ಸ್ವಲ್ಪ ಸ್ವಲ್ಪವೇ ಸತ್ತುಹೋಗಿತ್ತು. ಅದು ಗೊತ್ತಿದ್ದದ್ದು ಅವರ ಹೆಂಡತಿಗೆ ಮಾತ್ರ. ನಾವೆಲ್ಲ ಅವರನ್ನು ಗಂಭೀರ ಸ್ವಭಾವದವರು ಎಂದುಕೊಂಡಿದ್ದೆವು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ಉತ್ತರ ಕೊಡುತ್ತಿದ್ದರು. ಇನ್ನು ಓಡುವ ಬೋಟಿನಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುವುದು, ಅಲ್ಲಿ ಸಿಕ್ಕಿಬೀಳುವ ಭಯವಿರಲಿಲ್ಲ. ಇಂಜಿನ್ನಿನ ಆರೋಗ್ಯವನ್ನು ಅವರು ಪಾದದಿಂದ ತಿಳಿಯುತ್ತಿದ್ದರು. ಬೋಟಿನವರು ಚಪ್ಪಲಿ ಬಿಟ್ಟೇ ಹತ್ತುತ್ತಾರೆ, ಹಾಗಾಗಿ ಅದನ್ನೂ ಯಾರೂ ವಿಶೇಷವೆಂದು ನೋಡಲಿಲ್ಲ. ನೆಲದ ನಡುಕ ಬರಿಗಾಲಿಗೆ ತಗಲುತ್ತಿರುವ ತನಕ ಕಾಕಾಗೆ ಕೆಲಸ ಉಂಟು. ಇದೆಲ್ಲ ನನಗೆ ಆಗಲೇ ಗೊತ್ತಿದ್ದರೆ... ಗೊತ್ತಿರಲಿಲ್ಲ.

ಮಳೆಗಾಲದಲ್ಲಿ ಇಂಥ ಬೋಟುಗಳನ್ನು ನೀರಿನಿಂದ ಎತ್ತಿ, ಯಾರ್ಡಿನಲ್ಲಿ ಟಾರ್ಪಾಲು ಹೊದಿಸಿ ಇಡುತ್ತಾರೆ. ರಿಪೇರಿ, ಬಣ್ಣ ಎಲ್ಲ ಆಗಲೇ. ಆ ವರ್ಷ ಸೇಠ್‌ಗೆ ಬೋಟಿನ ಕಾಕ್‌ಪಿಟ್ಟಿಗೆ, ಅಂದರೆ ಸ್ಟೇರಿಂಗ್ ಮತ್ತು ಸೀಟುಗಳಿರುವ ತೆರೆದ ಜಾಗಕ್ಕೆ, ಹೊಸ ನೆಲಹಾಸು ಹಾಕಿಸುವ ಮನಸ್ಸಾಯಿತು. ಮೊದಲಿದ್ದದ್ದು ಬರಿಯ ಫೈಬರ್, ಬಣ್ಣ ಸವೆದಿತ್ತು. "ನಮ್ಮ ಚಾಳಿನ ಹುಡುಗ ಇದ್ದಾನೆ, ಒಳ್ಳೆ ಕೆಲಸಗಾರ" ಎಂದು ಸೇಠ್‌ಗೆ ಹೇಳಿ ನನ್ನನ್ನು ಕರೆಸಿದವರು ಕಾಕಾ. ಜೋಗೇಶ್ವರಿಯಲ್ಲಿ ನಾನು ಸಣ್ಣ ಗಾಳಾ, ಅಂದರೆ ಶೆಡ್ಡಿನಂಥ ಮಳಿಗೆ, ಹಿಡಿದು ಅಂಗಡಿ ಹಾಕಿದ ಹೊಸತು. ಆಫೀಸು, ಬ್ಯೂಟಿ ಪಾರ್ಲರ್ ಬಿಟ್ಟರೆ ಬೇರೆ ನೆಲ ಕಂಡವನಲ್ಲ. ಬೋಟಿನ ಕೆಲಸ ಅಂದದ್ದೇ ತಡ, ಕೋಡು ಮೂಡಿತ್ತು.

ಮೂರು ಸ್ಯಾಂಪಲ್ ಒಯ್ದಿದ್ದೆ. ಒಂದು ಒರಟು ಕಾರ್ಪೆಟ್. ಇನ್ನೊಂದು ಚಾಪೆಯ ಹಾಗೆ ನೇಯ್ದ ತೆಳು ವಿನೈಲ್. ಮೂರನೆಯದು ಆಗಷ್ಟೇ ಬಂದಿದ್ದ ದಪ್ಪ ಫೋಮ್ ಶೀಟು, ಮೇಲೆ ಸಾಗವಾನಿ ಹಲಗೆಯಂತೆ ಗೆರೆ. ನನಗೆ ಮನಸ್ಸಿದ್ದದ್ದು ಅದರ ಮೇಲೆ. ಇಂಜಿನ್ ಕಾಯದಂತೆ ಕಾಕಾ ಹೋಸ್‌ಪೈಪಿನಿಂದ ಅದಕ್ಕೆ ನೀರು ಕೊಟ್ಟು, ನೆಲದ ಮೇಲಿದ್ದ ಬೋಟನ್ನೇ ಸ್ಟಾರ್ಟ್ ಮಾಡಿದರು. ಸ್ಯಾಂಪಲ್ಲುಗಳನ್ನು ಸ್ಟೇರಿಂಗಿನ ಎದುರು ಒಂದೊಂದಾಗಿ ಹಾಸಿ, ನೀರು ಚಿಮುಕಿಸಿ, ಬರಿಗಾಲಲ್ಲಿ ಹತ್ತಿ ಕಣ್ಣು ಮುಚ್ಚಿ ನಿಂತರು. ನಾನು ಹಿಂದಿನಿಂದ ಚೇಷ್ಟೆ ಮಾಡಿದೆ. "ಕಾಕಾ, ಶೀಟ್ ಆರಿಸಾಕತ್ತೀರೋ, ಧ್ಯಾನ ಮಾಡಾಕತ್ತೀರೋ?" ಅವರು ನಗಲಿಲ್ಲ, ತಿರುಗಲೂ ಇಲ್ಲ. ಮುದುಕನಿಗೆ ಸಿಟ್ಟು ಬಂತೇನೋ ಎಂದುಕೊಂಡೆ.

ಇಂಜಿನ್ ನಿಲ್ಲಿಸಿ ಬಂದು ತೆಳು ವಿನೈಲನ್ನು ಕೈಯಲ್ಲಿ ಹಿಡಿದರು. "ಕಾರ್ಪೆಟ್ ಬೇಡ, ನೀರು ಕುಡಿದು ವಾಸನೆ ಬರ್ತದೆ. ಆ ಫೋಮಿನ ಮೇಲೆ ನಿಂತ್ರೆ ಕಾಲಿಗೆ ಎಂತದ್ದೂ ಗೊತ್ತಾಗುದಿಲ್ಲ ಮಾರಾಯ. ಇದೇ ಹಾಕುವ."

ಸಂಜೆ ಸೇಠ್ ಬಂದ. ಫೋಮನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದ. "ಯೇ ಅಚ್ಛಾ ಹೈ. ಬಚ್ಚೇ ಕೂದ್ತೇ ಹೈಂ, ಗಿರೇಂಗೇ ತೋ ಲಗೇಗಾ ನಹೀಂ" ಎಂದ. ಮಕ್ಕಳಿಗೆ ಪೆಟ್ಟಾಗಬಾರದು ಎನ್ನುವ ತಂದೆಯೊಂದಿಗೆ ಯಾರು ವಾದ ಮಾಡುತ್ತಾರೆ? ಬಾಕಿ ನಿನಗೆ ಸರಿ ಕಂಡಂತೆ ಮಾಡು ಎಂದು ನನಗೆ ಹೇಳಿ ಕಾರು ಹತ್ತಿದ. ಕಾಕಾ ನನ್ನ ತೋಳು ಹಿಡಿದು ಬೋಟಿನ ಹಿಂದಕ್ಕೆ ಕರೆದೊಯ್ದರು. ಅವರು ಹಾಗೆ ತೋಳು ಹಿಡಿದದ್ದು ಅದೇ ಮೊದಲು.

"ಎಲ್ಲ ಕಡೆ ಹಾಕು, ಬೇಡ ಹೇಳುದಿಲ್ಲ. ಸ್ಟೇರಿಂಗಿನ ಹತ್ರ ನಾನು ನಿಲ್ಲುವಲ್ಲಿ ಎರಡು ಅಡಿ ಹಾಗೇ ಬಿಡು. ನೆಲ ಕಾಲಿಗೆ ತಾಗದಿದ್ರೆ ನನಗೆ ಬೋಟು ಬಿಡ್ಲಿಕ್ಕೆ ಆಗುದಿಲ್ಲ."

"ಆತ್ರಿ ಕಾಕಾ, ಬಿಡ್ತೇನಿ" ಎಂದೆ.

ಶೀಟು ಹಾಕುವ ದಿನ ಕಾಕಾ ಲೈಸೆನ್ಸಿನ ಕಾಗದಕ್ಕೆಂದು ಹೋಗಿದ್ದರು. ನಾನು ಪೇಪರ್ ಹಾಸಿ ಅಳತೆ ತೆಗೆದೆ. ಸ್ಟೇರಿಂಗಿನ ಎದುರು ಎರಡು ಅಡಿಯ ಚೌಕ ಬರೆದು ಸೀಮೆಸುಣ್ಣದಲ್ಲಿ ಗುರುತೂ ಹಾಕಿದೆ. ಆಮೇಲೆ ಸೀಟಿನ ಮೇಲೆ ಕುಳಿತು ನೋಡಿದೆ. ಎಲ್ಲ ಕಡೆ ಸಾಗವಾನಿಯಂಥ ನೆಲ, ನಡುವೆ ಕಣ್ಣಿಗೆ ಹೊಡೆಯುವ ಜಾಗದಲ್ಲೇ ಸವೆದ ಫೈಬರಿನ ಚೌಕ. ನನ್ನ ಮೊದಲ ಬೋಟು ಅದು. ಫೋಟೋ ತೆಗೆದು ಬೇರೆ ಬೋಟಿನವರಿಗೆ ತೋರಿಸುವ ಆಸೆ ಇತ್ತು. ಹಳೇ ಕಾಲದ ಮನುಷ್ಯ, ನಾಲ್ಕು ದಿನ ನಿಂತರೆ ರೂಢಿಯಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒದ್ದೆ ಬಟ್ಟೆಯಿಂದ ಗುರುತು ಒರೆಸಿ, ಸ್ಟೇರಿಂಗಿನ ಬುಡದಿಂದ ಕೊನೆಯ ಸೀಟಿನವರೆಗೆ ಒಂದೇ ತುಂಡು ಹಾಕಿದೆ. ಒಂದು ಜೋಡಣೆಯೂ ಕಾಣುತ್ತಿರಲಿಲ್ಲ. ಫೋಟೋ ತೆಗೆದದ್ದೇ ತೆಗೆದದ್ದು.

ಮರುದಿನ ಕಾಕಾ ಬಂದರು. ಚಪ್ಪಲಿ ಬಿಟ್ಟು ಹತ್ತಿ ಸ್ಟೇರಿಂಗ್ ಹಿಡಿದು ನಿಂತರು. ಒಂದು ಕಾಲು ಎತ್ತಿ ಇಟ್ಟರು, ಇನ್ನೊಂದು ಎತ್ತಿ ಇಟ್ಟರು. ಆ ಸೊಲ್ಯೂಷನ್ ಒಮ್ಮೆ ಹಿಡಿಯಿತೆಂದರೆ ಶೀಟು ಹರಿದರೂ ನೆಲ ಬಿಡುವುದಿಲ್ಲ. ಕೆರೆದು ತೆಗೆಸಬೇಕೆಂದರೆ ಸೇಠ್‌ಗೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಕೆಲಸವೇ ಇಲ್ಲ. ಅವರು ಇದನ್ನೆಲ್ಲ ಯೋಚಿಸುತ್ತಿದ್ದಿರಬೇಕು, ನನಗೆ ಕಂಡದ್ದು ಮಾತ್ರ ಕೆಳಗೆ ನೋಡುತ್ತ ನಿಂತ ಮನುಷ್ಯ. ಕೊನೆಗೆ ನನ್ನ ಮುಖ ನೋಡಿ "ಚಂದ ಆಯ್ತು" ಎಂದರು. ಹೊಗಳಿದರು ಎಂದೇ ತಿಳಿದು ನಕ್ಕೆ. ಆ ನಗುವನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶ್ರಾವಣದ ನಾರಳಿ ಪೌರ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟು, ಬೋಟು ನೀರಿಗಿಳಿಸಿದರು. ಮೂರನೆಯದೋ ನಾಲ್ಕನೆಯದೋ ಶನಿವಾರ. ಮಳೆ ಮುಗಿಯುವ ಹೊತ್ತಿಗೆ ನಮ್ಮ ಸಮುದ್ರದಲ್ಲಿ ನೀರಿಗಿಂತ ಪ್ಲಾಸ್ಟಿಕ್ಕೇ ಹೆಚ್ಚು. ಒಂದು ಚೀಲ ಇಂಜಿನ್ನು ತಣಿಸುವ ನೀರಿನ ದಾರಿಗೆ ಸಿಕ್ಕಿಕೊಂಡಿತು. ಇಂಜಿನ್ ಕಾದು ಅಲಾರ್ಮ್ ಹೊಡೆದುಕೊಳ್ಳತೊಡಗಿತು. ಎದುರಿಗೆ ಜನ ತುಂಬಿದ ಲಾಂಚು ಬರುತ್ತಿತ್ತು, ಕಾಕಾನ ಕಣ್ಣು ಅದರ ಮೇಲೆ. ಮುಂಚಿನ ಹಾಗಾಗಿದ್ದರೆ ಮೊದಲ ಕಂಪನಕ್ಕೇ ಪಾದ ಹೇಳುತ್ತಿತ್ತು. ಸೇಠ್ ಕೂಗಿದ, ಮಕ್ಕಳು ಕಿರುಚಿದರು, ಕಾಕಾ ತಿರುಗಲಿಲ್ಲ. ಸೇಠ್ ಎದ್ದು ಬಂದು ಭುಜ ಹಿಡಿದು ಅಲುಗಿಸಿದಾಗ ಅವರು ಬೆಚ್ಚಿಬಿದ್ದರಂತೆ. ಅಷ್ಟರಲ್ಲಿ ಇಂಜಿನ್ ಸತ್ತಿತ್ತು. ಬೇರೆ ಬೋಟು ಬಂದು ಎಳೆದು ತಂದಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸೇಠ್‌ಗೆ ಎಲ್ಲ ತಿಳಿದುಹೋಗಿತ್ತು. ಅವನನ್ನು ಬೈಯಲಾರೆ. ಕಿವಿ ಕೇಳದವನ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ?

ಸುದ್ದಿ ಬೋಟು ನಿಲ್ಲುವ ಧಕ್ಕೆಯ ತುಂಬ ಹಬ್ಬಿತು, ಮತ್ತೆ ಯಾರೂ ಅವರಿಗೆ ಬೋಟು ಕೊಡಲಿಲ್ಲ. ಒಂದು ಗೋದಾಮಿನಲ್ಲಿ ವಾಚ್‌ಮನ್ ಆಗಿ ಸೇರಿದರು. ಗೇಟಿನಲ್ಲಿ ಹಾರ್ನ್ ಹೊಡೆದರೂ ಏಳುವುದಿಲ್ಲವೆಂದು ಅಲ್ಲಿಂದಲೂ ಬಿಡಿಸಿದರು. ಆಮೇಲೆ ಮನೆಯಲ್ಲೇ. ನನ್ನನ್ನು ಕಂಡರೆ ಚಹಾಕ್ಕೆ ಕರೆಯುವುದನ್ನು ಮಾತ್ರ ಬಿಡಲಿಲ್ಲ. ಕೆಲಸ ಹೇಗುಂಟು ಎಂದು ಕೇಳುತ್ತಿದ್ದರು. ನಾನು ಕಪ್ಪು-ಬಸಿಯಲ್ಲೇ ಕಣ್ಣಿಟ್ಟು ಚಹಾ ಕುಡಿದು ಎದ್ದು ಬರುತ್ತಿದ್ದೆ. ಆ ಎರಡು ಅಡಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ವರ್ಷ ಕಳೆದು, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ...

ಕಾಕಾನ ಹೆಂಡತಿ, ನಮ್ಮ ಕಾಕು, ಈಗ ಜೋಗೇಶ್ವರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ನನ್ನ ಅಂಗಡಿಯಿಂದ ಹತ್ತು ನಿಮಿಷದ ದಾರಿ, ನಾನು ವರ್ಷಕ್ಕೊಮ್ಮೆಯೂ ಹೋದವನಲ್ಲ. ಲಿಫ್ಟು ಬಿಟ್ಟು ಮೆಟ್ಟಿಲು ಇಳಿದ ಆ ದಿನ ಹೋದೆ. ಹೇಳಿಬಿಡಬೇಕು ಎಂದೇ ಹೋದೆ. ಮಗಳು ಕೆಲಸಕ್ಕೆ ಹೋಗಿದ್ದಳು. ಕಾಕು ನೀರುದೋಸೆ ಮಾಡಿ ಎದುರು ಕೂರಿಸಿದರು. ನಾನು ಮಾತು ತೆಗೆಯುವ ಮೊದಲೇ ಅವರೇ ತೆಗೆದರು.

"ಸಾಯುವ ತನಕ ನಿನ್ನ ಮೇಲೆ ಒಂದು ಮಾತು ಆಡ್ಲಿಲ್ಲ ಅವರು. ನಾನೇ ಒಂದು ಸಲ ನಿನಗೆ ಬೈದೆ, ಜಾಗ ಬಿಡ್ತೇನೆ ಹೇಳಿ ಬಿಡ್ಲಿಲ್ಲ ಅಂತ. ಅವನಿಗೆ ಮರ್ತು ಹೋಗಿರ್ಬೇಕು, ಬೇಕಂತ ಮಾಡುವ ಹುಡುಗ ಅಲ್ಲ ಅಂತ ಹೇಳಿದ್ರು." ಕಾವಲಿಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. "ಮರ್ತದ್ದೇ ಅಲ್ವಾ ಮಗ?"

"ಹೌದ್ರಿ ಕಾಕು" ಎಂದೆ. "ಮರ್ತಿದ್ದೆ."

ಕಾಕು ತಲೆಯಾಡಿಸಿ ಇನ್ನೊಂದು ದೋಸೆ ತಟ್ಟೆಗೆ ಹಾಕಿದರು. ಅದನ್ನೂ ತಿಂದೆ.